ಸುಣ್ಣದ ಕೆಳಗಿನ ಹನ್ನೆರಡು ಶಬ್ದ

ಆಗ ನನಗ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ಕಲಿತದ್ದು ಎರಡನೇ ಕ್ಲಾಸು. ಶ್ಯಾಣ್ಯಾಕಿ ಅನ್ನೋ ಸೊಕ್ಕು ಮಾತ್ರ ಕಾಲೇಜಿನ ತನಕ ಇತ್ತು.

ನಮ್ಮವ್ವ ನನಗ ಇಪ್ಪತ್ತೊಂದು ಮದುವಿ ಹಾಡು ಕಲಿಸಿದ್ದಳು. ಬಾಜೂ ಮನಿ ನಿಂಗಮ್ಮ ಗ್ವಾಡಿಗಿ ಕಿವಿ ಹಚ್ಚಿ ಅವನ್ನ ಕಲಿತು, ಚಂದಾಪುರದ ಮದುವ್ಯಾಗ ತನ್ನವೇ ಅಂತ ಹಾಡಿ ಸೀರಿ ಉಡಿಸಿಕೊಂಡು ಬಂದಳು. ಕಳ್ಳಿ! ಅವತ್ತಿಂದ ನಾ ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದರ ಹಾಡು ನೆನಪಿರ್ತಾವೇನು? ಎರಡು ನುಡಿ ಆದ ಮ್ಯಾಲ ಮೂರನೇದು ನಾಪತ್ತೆ!

ಅಷ್ಟರಾಗ ಮೊಮ್ಮಗಳ ಮದುವಿ ಗಟ್ಟಿ ಆಯ್ತು. "ಅರಿಶಿಣ ಹಚ್ಚುವಾಗ ಆಯಿನೇ ಹಾಡಬೇಕು" ಅಂತ ಹುಡುಗಿ ಹಟ. ನೆನಪು ಪೂರಾ ಹೋಗೋದರೊಳಗ ಸೊಸಿ ಮಹಾದೇವಿ ಬಾಗಲಾ ಹಾಕಿಕೊಂಡು, ನೆನಪಾದಂಗ ಒಂದೊಂದೇ ನುಡಿ ಹಾಡಿಸಿ, ಹಾಡೆಲ್ಲ ನನ್ನ ಫೋನಿನ್ಯಾಗ ತುಂಬಿದಳು.

"ಅತ್ತೀ, ಫೋನ್ ಕೆಟ್ಟರ ಹಾಡೂ ಹೋಗ್ತಾವ್ರಿ. ಒಂದು ಇ-ಮೇಲ್ ಖಾತೆ ಮಾಡಿ ಕ್ಲೌಡ್‌ನ್ಯಾಗ ಇಡೂನ್ರಿ. ಒಂದು ಕಂಪನಿ ಪುಕ್ಕಟೆ ಕೊಡ್ತದ. ಆದ್ರ ಒಳಗೇನದ ಅಂತ ಇಣುಕಿ ನೋಡ್ತದಂತ."

"ಅದು ನಿಂಗಮ್ಮನ ಕಂಪನಿ. ಮುಂದ ಹೇಳು."

"ಇನ್ನೊಂದು 'ನಿಮ್ಮ ಗುಟ್ಟೇ ನಮ್ಮ ಉಸಿರು' ಅಂತದ. ಆದ್ರ ನಂಬರು, ಹುಟ್ಟಿದ ತಾರೀಖು ಎಲ್ಲಾ ಕೇಳ್ತದ್ರಿ."

"ಅದು ಉಸಿರಾಡಲಿಕ್ಕ ನನ್ನ ಹುಟ್ಟಿದ ತಾರೀಖು ಯಾಕ? ನಮ್ಮವ್ವಗೇ ಗೊತ್ತಿರಲಿಲ್ಲ!"

"ಮೂರನೇದು ಏನೂ ಕೇಳಲ್ಲ. ನಾವು ಇಟ್ಟದ್ದು ಅವರಿಗೂ ಕಾಣಲ್ಲ. ಹನ್ನೆರಡು ಶಬ್ದದ ಕೀಲಿ ಕೊಡ್ತಾರ. ಅದು ಕಳದರ ಅವರಪ್ಪಗೂ ತೆಗಿಲಿಕ್ಕ ಬರಲ್ಲ."

"ಹಾಂ! ಇದು ಮಾನವಂತರ ಕಂಪನಿ."

ಸೊಸಿ ಕೀಲಿ ಓದಿದಳು, ನಾ ಬರದೆ. "ನಾನೂ ಒಂದು ಕಡಿ ಬರದಿಡ್ತೀನ್ರಿ" ಅಂದಳು.

"ಬ್ಯಾಡ! ನೀ ನಿಂಗಮ್ಮನ ಸಂಗಟ ನೀರಿಗಿ ಹೋಗಾಕಿ."

ನಾ ಬರದದ್ದು ಗ್ವಾಡಿ ಮ್ಯಾಲ, ಇದ್ದಲಿಲೆ, ಜ್ವಾಳದ ಡ್ರಮ್ಮಿನ ಹಿಂದ. ನಮ್ಮ ಮನ್ಯಾಗ ಹಾಲಿನ ಲೆಕ್ಕ, ಎಮ್ಮಿ ಈದ ದಿನ, ಎಲ್ಲಾ ಗ್ವಾಡಿ ಮ್ಯಾಲೇ. ಕಾಗದ ಇಲಿ ತಿಂತದ. ಗ್ವಾಡಿ ಯಾವ ಇಲಿ ತಿಂದದ?

ಮದುವಿಗಿ ನಾಕು ದಿನ ಉಳಿದಿತ್ತು. ಸುಣ್ಣ ಹಚ್ಚಾವ ಡ್ರಮ್ಮಿನ ಹಿಂದಿನ ಮೂಲಿ ಬಿಟ್ಟ. "ಅಲ್ಲಿ ಯಾರು ನೋಡ್ತಾರವ್ವಾ?" ಅಂದ.

"ಮೈಗಳ್ಳ! ಮದುವಿ ಮನಿ ಅಂದರ ಮೂಲಿನೂ ಬೆಳ್ಳಗಿರಬೇಕು!" ಅಂತ ಬ್ರಷ್ಷು ಕಸಗೊಂಡು ನಾನೇ ನಿಂತೆ. ಏನೋ ಕರೇ ಗೀಚು ಕಂಡವು. ಎರಡು ಕೈ ಜಾಸ್ತಿನೇ ಹಚ್ಚಿದೆ. ಬಗ್ಗಿದಾಗ ಸೊಂಟದಾಗ ಸಿಗಿಸಿದ್ದ ಫೋನು ಸುಣ್ಣದ ಬಕೀಟಿಗಿ ಬಿತ್ತು. ಗುಳುಂ!

ಸೊಸಿ ಓಡಿ ಬಂದಳು. "ಅಂಜಬ್ಯಾಡ್ರಿ ಅತ್ತೀ, ಹಾಡು ಕ್ಲೌಡ್‌ನ್ಯಾಗ ಅವ. ಕೀಲಿ ಕೊಡ್ರಿ."

"ಅಂಜಾಕಿ ಯಾರು? ಕೀಲಿ ಗ್ವಾಡಿ ಮ್ಯಾಲದ."

"ಯಾವ ಗ್ವಾಡಿ?"

ಕೈಯಾಗಿನ ಬ್ರಷ್ಷಿಲೆ ತೋರಿಸಿದೆ. ಅದರಿಂದ ಇನ್ನಾ ಸುಣ್ಣ ಸೋರಲಿಕತ್ತಿತ್ತು. ಆಕಿ ತಲಿ ಮ್ಯಾಲ ಕೈಯಿಟ್ಟು ಅಲ್ಲೇ ಕುಂತಳು.

ಚಾಕುಲೆ ಕೆರದೆವು. ಇವತ್ತಿನ ಸುಣ್ಣ ಬಂತು, ಹೋದ ದಸರಾದ ಸುಣ್ಣ ಬಂತು, ಆಮ್ಯಾಲ ಮಣ್ಣು ಬಂತು. ಹನ್ನೆರಡರಾಗ ಸಿಕ್ಕದ್ದು ಒಂದೇ ಶಬ್ದ: ಬಕೀಟು!

ಕಂಪನಿಗಿ ಸೊಸಿ ಬರದಳು. ಸಂಜೀಕ ಉತ್ತರ ಬಂತು: ಸದರಿ ಮಾಹಿತಿಯನ್ನು ತೆರೆಯಲು ನಮಗೆ ಸಾಧ್ಯವಿಲ್ಲ, ತಮ್ಮ ಗೌಪ್ಯತೆ ಸಂಪೂರ್ಣ ಸುರಕ್ಷಿತ.

ಸುರಕ್ಷಿತ ಖರೇ. ನನ್ನಿಂದ!

ಮರುದಿನ ಮುಂಜಾನಿ ಎಲಿ ಅಡಕಿ ತಾಟು ಹಿಡಕೊಂಡು ನಿಂಗಮ್ಮನ ಬಾಗಲದಾಗ ನಿಂತೆ.

"ಬಾ ಯಕ್ಕಾ, ಏನು ಅಪರೂಪ?"

"ಆ ಅರಿಶಿಣದ ಹಾಡು... ಮೂರನೇ ನುಡಿ ಹೆಂಗದ?"

ಕಳ್ಳಿ ನಕ್ಕಳು. "ಇಪ್ಪತ್ತೊಂದೂ ಬರ್ತಾವ, ಕುಂದ್ರು. ಆದ್ರ ಮೆಲ್ಲಕ ಹಾಡ್ತೀನಿ ಯಕ್ಕಾ, ಗ್ವಾಡಿ ಆಚಿ ಯಾರರ ಕದ್ದು ಕೇಳ್ಯಾರು!"

ನಾ ಎದ್ದು ಬಾಗಲಾ ಹಾಕಿ ಬಂದು ಕುಂತೆ.