ಬಿಯರಿಗೆಂದು ನೆನೆಸಿದ ಜೋಳ

ಬೇಸಗೆಯಲ್ಲಿ ನಮ್ಮ ಶಹಾಪುರದಲ್ಲಿ ಎರಡೇ ಬಗೆಯ ಬಿಯರ್ ಸಿಗುತ್ತದೆ: ಬೆಚ್ಚಗಿನದು ಮತ್ತು ಬಿಸಿಯಾದದ್ದು. ಜಗತ್ತಿನಲ್ಲಿ ಇನ್ನೂ ನೂರಾರು ಬಗೆಗಳಿವೆ ಎಂಬ ದಿವ್ಯಜ್ಞಾನ ಮೊಬೈಲಿನ ಮೂಲಕ ಪ್ರಾಪ್ತವಾದಂದಿನಿಂದ ನನ್ನ ಆತ್ಮಕ್ಕೆ ನೆಮ್ಮದಿ ಇಲ್ಲ.

ನಾನು ಲಕ್ಷ್ಮಿಕಾಂತ. ಇಲ್ಲಿನ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕುಡಿಯುವುದು ತಿಂಗಳಿಗೆ ಎರಡು ಬಾಟಲಿ, ಅದೂ ಹೆಂಡತಿ ದಾನೇಶ್ವರಿಗೆ ಗೊತ್ತಾಗದಂತೆ. (ಕುಡಿಯುವುದಕ್ಕಿಂತ ಆಮೇಲೆ ಏಲಕ್ಕಿ ಅಗಿಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.) ನಾವು ರಸಿಕರು ಒಟ್ಟು ಮೂರು ಜನ: ನಾನು, ಸುರಪುರದಲ್ಲಿ ಪೈಪು-ಮೋಟಾರು ಮಾರುವ ಅಮರಪ್ಪ, ಯಾದಗಿರಿಯ ಬ್ಯಾಂಕಿನ ಸುನೀಲಕುಮಾರ. ಮೊಬೈಲಿನಲ್ಲಿ ನಮ್ಮದೊಂದು ಗುಂಪೂ ಇದೆ, ‘ನೊರೆ ಬಳಗ’. ದಾನೇಶ್ವರಿ ಅದನ್ನು ‘ನೆರೆ ಬಳಗ’ ಎಂದು ಓದಿಕೊಂಡು, ಭೀಮಾ ನದಿಯ ಪ್ರವಾಹ ಸಂತ್ರಸ್ತರಿಗಾಗಿ ನಾವು ಮರುಗುತ್ತಿದ್ದೇವೆ ಎಂದು ತಿಳಿದಿದ್ದಳು. ಪುಣ್ಯದ ಕೆಲಸವನ್ನು ಅಲ್ಲಗಳೆಯಬಾರದೆಂದು ನಾನೂ ಸುಮ್ಮನಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅಮರಪ್ಪನ ಗೋದಾಮಿನಲ್ಲಿ ಪೈಪುಗಳ ಮೇಲೆ ಕುಳಿತು ಚರ್ಚೆ ನಡೆದಿತ್ತು.

“ಗೋಧಿ ಬಿಯರ್ ಮುಂದ ಯಾವುದೂ ಇಲ್ಲ ಸರ,” ಎಂದ ಸುನೀಲಕುಮಾರ. “ಬೆಂಗಳೂರಾಗ ಒಮ್ಮೆ ಕುಡದೇನಿ. ಬಾಳೆಹಣ್ಣಿನ ವಾಸನಿ ಬರ್ತದ.”

“ಬಾಳೆಹಣ್ಣು ಬಂಡಿ ಮ್ಯಾಲ ಸಿಗ್ತದ ತಗೋ,” ಎಂದ ಅಮರಪ್ಪ. “ಕರೇ ಬಿಯರ್ ಕುಡದು ನೋಡು. ಹಂಚಿನ ಮ್ಯಾಲ ಸುಟ್ಟ ರೊಟ್ಟಿ ವಾಸನಿ ಇರ್ತದ.”

“ಸುಟ್ಟ ರೊಟ್ಟಿ ನಮ್ಮನ್ಯಾಗ ದಿನಾ ಸಿಗ್ತದ.”

ನನ್ನ ಪಕ್ಷ ಲಾಗರ್ ಬಿಯರಿನದು: ತಿಳಿಯಾದ ಬಣ್ಣ, ನಾಲಿಗೆಯ ತುದಿಯಲ್ಲಿ ಕಹಿ ಬಂದು ಹೋಗಬೇಕು, ಒಳ್ಳೆಯ ಅತಿಥಿಯ ಹಾಗೆ. ಆದರೆ ಮೂವರ ಕೈಯಲ್ಲಿದ್ದದ್ದು ಒಂದೇ ಬಗೆ, ಬೆಚ್ಚಗಿನದು. ಆಗಲೇ ನನಗೆ ಹೊಳೆಯಿತು. ಬಿಯರಿಗೆ ಬೇಕಾದದ್ದು ಮೊಳಕೆ ಬರಿಸಿದ ಧಾನ್ಯ. ಬಾರ್ಲಿ ನಮ್ಮ ಕಡೆ ಬೆಳೆಯದಿದ್ದರೇನಾಯಿತು, ಆಫ್ರಿಕಾದ ಮಂದಿ ಜೋಳದಲ್ಲಿಯೇ ಮಾಡುತ್ತಾರೆ. ಬಿಳಿಜೋಳಕ್ಕೆ ನಮ್ಮಲ್ಲಿ ಬರವೇ?

“ಲೈಸನ್ಸ್ ಇಲ್ದೇ ಮನ್ಯಾಗ ಮಾಡೋದು ಕಾಯ್ದೆಕ್ಕ ವಿರುದ್ಧ ಅದರಿ ಸರ,” ಎಂದ ಅಮರಪ್ಪ.

“ಇದು ಪ್ರಯೋಗ,” ಎಂದೆ. ವಿಜ್ಞಾನದ ಮಾಸ್ತರರಿಗೆ ಆ ಒಂದು ಮಾತು ದೊಡ್ಡ ಆಸರೆ.

ಮರುದಿನವೇ ಎರಡು ಕಿಲೋ ಜೋಳ ನೆನೆ ಹಾಕಿದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಒಣಗಿಸಿ, ಮೊಳಕೆಗಳನ್ನು ತಿಕ್ಕಿ ಉದುರಿಸಿ, ಹಂಚಿನಲ್ಲಿ ಹದವಾಗಿ ಹುರಿದೆ. ಮನೆಯಲ್ಲಿ ಒಂದು ಲೋಟ ಎತ್ತಿಡದ ಗಂಡ ಒಲೆಯ ಮುಂದೆ ನಿಂತದ್ದು ನೋಡಿ ದಾನೇಶ್ವರಿ ಸೊಂಟದ ಮೇಲೆ ಕೈಯಿಟ್ಟಳು.

“ಏನ್ ಮಾಡಾಕತ್ತೀರಿ?”

“ಮೊಳಕಿ ಜೋಳ. ಪಿಷ್ಟ ಎಲ್ಲಾ ಸಕ್ಕರಿ ಆಗ್ತದ. ಪಚನಕ್ಕ ಹಗುರ,” ಎಂದೆ. ಪ್ರತಿಯೊಂದು ಅಕ್ಷರವೂ ಸತ್ಯ. ಉದ್ದೇಶವೊಂದನ್ನು ಬಿಟ್ಟು.

ಅಂಚೆಯಲ್ಲಿ ಹಾಪ್ಸ್ ಬಂತು. ಬಿಯರಿಗೆ ಕಹಿ ಕೊಡುವ ಹೂವು ಅದು. ಒಣಗಿಸಿ, ಒತ್ತಿ, ಹಸಿರು ಗುಳಿಗೆ ಮಾಡಿರುತ್ತಾರೆ. “ಇದೇನ್ರಿ, ದನದ ಹಿಂಡಿಯೇನು?” ಎಂದು ಅವಳು ಮೂಸಿ ನೋಡಿದಾಗ, “ನಿದ್ದಿಗೆ ಒಳ್ಳೇದು, ಗಿಡಮೂಲಿಕಿ,” ಎಂದೆ. ಅದೂ ಎಲ್ಲೋ ಓದಿದ ಮಾತೇ.

ಅದೇ ವಾರ ದೋರನಹಳ್ಳಿಯಿಂದ ನನ್ನ ಅತ್ತೆ ಗೊಲ್ಲಾಳಮ್ಮನವರ ಆಗಮನವಾಯಿತು. ಬಂದದ್ದಲ್ಲ, ಕರೆತಂದದ್ದು. ಟೈಫಾಯ್ಡ್ ಆಗಿ ದವಾಖಾನೆಯಲ್ಲಿದ್ದು ಜ್ವರವೇನೋ ಬಿಟ್ಟಿತ್ತು, ಊಟ ಮಾತ್ರ ಸೇರುತ್ತಿರಲಿಲ್ಲ. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದರು. ಗಂಜಿ ಕುಡಿದರೆ ವಾಂತಿ. ಇಪ್ಪತ್ತೆರಡು ವರ್ಷಗಳಿಂದ “ನಮ್ಮ ಅಳಿಯಗ ಚಾ ಕಾಸಾಕ ಬರಂಗಿಲ್ಲ, ಕಾಲೇಜಿನ್ಯಾಗ ಅದೇನ್ ಕಾಸಿ ತೋರಿಸ್ತಾನೋ” ಎಂದು ಊರೆಲ್ಲ ಸಾರಿದ ಗಟ್ಟಿ ದನಿಯ ಹೆಣ್ಣುಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದರು. ದಾನೇಶ್ವರಿ ಅಡುಗೆಮನೆಯಲ್ಲಿ ಬೇಕೆಂದೇ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು, ಕಣ್ಣೀರಿಗೆ ಕಾರಣ ಕೇಳಬಾರದೆಂದು.

ನಾನು ಹುರಿದ ಜೋಳದ ಚೀಲವನ್ನು ಸುಲ್ತಾನಸಾಬರ ಗಿರಣಿಗೆ ಒಯ್ದೆ. “ಹಿಟ್ಟು ಮಾಡಬ್ಯಾಡ್ರಿ. ಒಂದು ಕಾಳು ಎರಡಾಗಬೇಕು, ಅಷ್ಟೇ,” ಎಂದು ಹೇಳಿ ಕಾಲೇಜಿಗೆ ಹೋದೆ. ಸಂಜೆ ಹೋದಾಗ ಚೀಲವಿರಲಿಲ್ಲ.

“ನಿಮ್ಮ ಮನಿ ಬಾಯಾರು ಬಂದಿದ್ರು ಸರ. ಸಣ್ಣಗ ಬೀಸ್ರಿ ಅಂದ್ರು. ಮೈದಾದಂಗ ಬೀಸಿ ಕೊಟ್ಟೇನಿ,” ಎಂದರು ಸುಲ್ತಾನಸಾಬ, ಮೆಚ್ಚುಗೆಯ ನಿರೀಕ್ಷೆಯಲ್ಲಿ.

ಹದಿನೈದು ದಿನದ ತಪಸ್ಸು ಹಿಟ್ಟಾಗಿತ್ತು, ಅಕ್ಷರಶಃ. ಇವತ್ತು ಒಂದು ಇತ್ಯರ್ಥ ಆಗಲೇಬೇಕೆಂದು ದುರ್ವಾಸ ಮುನಿಯಾಗಿ ಮನೆಗೆ ಬಂದೆ. ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಕೈಯಲ್ಲಿ ಬಟ್ಟಲು. ನನ್ನ ಹಿಟ್ಟಿನ ಅಂಬಲಿ. ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿದರು.

“ದಾನವ್ವ, ಸಿಹಿ ಅದ ನೋಡು. ಇನ್ನೊಂದೀಟು ಹಾಕು.”

ಹನ್ನೆರಡು ದಿನಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ ಮೊದಲ ಆಹಾರ ಅದು. ದಾನೇಶ್ವರಿ ನನ್ನ ಕಡೆ ನೋಡಿದಳು. ಹತ್ತಿರದಲ್ಲಿ ಉಳ್ಳಾಗಡ್ಡಿ ಇರಲಿಲ್ಲ. ನನ್ನ ಕೋಪ ಚಪ್ಪಲಿಯ ಜೊತೆಗೆ ಹೊಸ್ತಿಲಾಚೆಯೇ ಉಳಿಯಿತು.

ಆದರೂ ರಸಿಕನ ಛಲ ದೊಡ್ಡದು. ಅತ್ತೆಗೆ ಆ ಹಿಟ್ಟು ಸಾಕು ಎಂದು ಲೆಕ್ಕ ಹಾಕಿ, ಇನ್ನೊಮ್ಮೆ ಮೊಳಕೆ ಬರಿಸಿ, ಹುರಿದು, ಡಬ್ಬಿ ತುಂಬಿ ಅಟ್ಟದ ಮೇಲೆ ಬಚ್ಚಿಟ್ಟೆ. ಯೀಸ್ಟ್ ತಂದೆ. ಭಾನುವಾರ ಸುರಪುರದ ಗೋದಾಮಿನಲ್ಲಿ ಬಿಯರ್ ಕುದಿಸುವುದೆಂದು ನೊರೆ ಬಳಗದಲ್ಲಿ ಮುಹೂರ್ತವೂ ನಿಶ್ಚಯವಾಯಿತು.

ಶನಿವಾರ ಮುಂಜಾನೆ ಹಿಟ್ಟು ಮುಗಿಯಿತು. ದಾನೇಶ್ವರಿ ಅನ್ನವನ್ನು ಮೆತ್ತಗೆ ಕಲಸಿ ಒಯ್ದಳು. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿದರು. “ಸಾಕವ್ವ,” ಎಂದರು. ಬೈಗುಳವಿಲ್ಲದ ಆ ಒಂದು ಮಾತು ನನಗೆ ಸಹಿಸಲಾಗಲಿಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನೇ ಸ್ಟೂಲ್ ಹಾಕಿಕೊಂಡು ಡಬ್ಬಿ ಇಳಿಸಿ, ಗಿರಣಿಗೆ ನಡೆದೆ.

“ಸಣ್ಣಗ ಬೀಸ್ರಿ,” ಎಂದೆ.

“ಮೈದಾದಂಗ?” ಎಂದರು ಸುಲ್ತಾನಸಾಬ.

“ಮೈದಾದಂಗ.”

ಮರಳಿ ಬಂದರೆ ಇನ್ನೊಂದು ಸುದ್ದಿ. ಹಿಂದಿನ ದಿನ ದಾನೇಶ್ವರಿ ನನ್ನ ಹಾಪ್ಸ್ ಗುಳಿಗೆಗಳನ್ನು ಬೆಲ್ಲ ಹಾಕಿ ಕಷಾಯ ಮಾಡಿ ತಾಯಿಗೆ ಕುಡಿಸಿದ್ದಳು. “ಊರಾಗಿನ ಬೇವಿನ ಗಿಡ ಎಲ್ಲಾ ಕುದಿಸೀಯೇನು,” ಎಂದು ಬೈದು ಕುಡಿದ ಅತ್ತೆ, ಜ್ವರ ಬಿಟ್ಟ ಮೇಲೆ ಮೊದಲ ಸಲ ಬೆಳಗಿನವರೆಗೆ ಮಲಗಿದ್ದರಂತೆ. ಬಿಯರಿನ ಸಾಮಗ್ರಿಗಳಲ್ಲಿ ನನ್ನ ಪಾಲಿಗೆ ಉಳಿದದ್ದು ಯೀಸ್ಟ್ ಮತ್ತು ನೀರು. ನೀರೂ ಎರಡು ದಿನಕ್ಕೊಮ್ಮೆ.

ಭಾನುವಾರದ ಮುಹೂರ್ತ ತಪ್ಪಿತು. ಅತ್ತೆ ಮಾತ್ರ ತಿಂಗಳೊಪ್ಪತ್ತಿನಲ್ಲಿ ರೊಟ್ಟಿ ತಿನ್ನುವಂತಾದರು. ಮೊದಲ ರೊಟ್ಟಿ ಮುರಿದು, “ಇದು ಬಿರುಸು ಆಗ್ಯಾದ, ಯಾರ್ ಬಡದಾರ?” ಎಂದು ಗದರಿದಾಗ ನಾವಿಬ್ಬರೂ ಹಬ್ಬದಂತೆ ನಕ್ಕೆವು. ಊರಿಗೆ ಮರಳಿದವರು ಸುಮ್ಮನಿರಬೇಕಲ್ಲ. ದೋರನಹಳ್ಳಿಯ ಮಹಿಳಾ ಸಂಘದ ಅಧ್ಯಕ್ಷೆ ಸಾಯಬಮ್ಮನಿಂದ ನನಗೆ ಫೋನು ಬಂತು: “ಸರ, ನೀವು ಬಂದು ಜೋಳದ ಮೊಳಕಿ ಹೆಂಗ ಮಾಡೋದು ಅಂತ ನಮ್ಮ ಹೆಣ್ಮಕ್ಕಳಿಗಿ ತೋರಿಸ್ಬೇಕ್ರಿ. ಬಾಣಂತಿಯರಿಗಿ, ಕೂಸುಗಳಿಗಿ ಹಿಟ್ಟು ಮಾಡ್ತೀವಿ.”

ಕಾಲೇಜಿನಲ್ಲಿ ನನ್ನ ಪಾಠ ಕೇಳಿ ಎಚ್ಚರವಾಗಿರುವವರು ಮೂರು ಮಂದಿ. ಅಲ್ಲಿ ನಲವತ್ತು ಹೆಣ್ಣುಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಎಷ್ಟು ತಾಸು ನೆನೆಯಬೇಕು, ಬೂಷ್ಟು ಬಂದರೆ ಏನು ಮಾಡಬೇಕು ಎಂದು ಪ್ರಶ್ನೆ ಹಾಕಿದರು. ಮುಂದಿನ ಸಾಲಿನಲ್ಲಿ ಅತ್ತೆ ಇಳಕಲ್ ಸೀರೆ ಉಟ್ಟು ಕುಳಿತು, ಪಕ್ಕದವಳಿಗೆ, “ನಮ್ಮ ಅಳಿಯ. ಅವನ ಕೈಯಾಗಿನ ಅಂಬಲಿಲೆ ನಾ ಉಳದೇನಿ,” ಎನ್ನುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ಮಾತು ಕೇಳಲೆಂದೇ ನಾನು ಪಾಠ ನಿಲ್ಲಿಸಿದೆ.

ಶಾಲು ಹೊದಿಸಿದ ಮೇಲೆ ಸಾಯಬಮ್ಮ ನನ್ನ ಕೈಗೊಂದು ಕಾಗದ ಕೊಟ್ಟಳು. “ಇವತ್ತ ಕುಡಿತ ಬಿಡಿಸೋ ಪ್ರಮಾಣನೂ ಅದರಿ. ನಿಮ್ಮ ಧ್ವನಿ ದೊಡ್ಡದದ. ನೀವು ಓದ್ರಿ, ಎಲ್ಲಾರೂ ನಿಮ್ಮ ಹಿಂದ ಅಂತಾರ.”

ಓಡಿ ಹೋಗೋಣವೆಂದರೆ ಶಾಲು ಕಾಲಿಗೆ ತೊಡರುವಷ್ಟು ಉದ್ದವಿತ್ತು. ಮೈಕಿನ ಮುಂದೆ ನಿಂತು ಬಲಗೈ ಚಾಚಿದೆ. “ನಾನು, ಇಂದಿನಿಂದ, ಯಾವುದೇ ರೂಪದ ಮದ್ಯವನ್ನು...” ನಲವತ್ತು ಕಂಠಗಳು ಪ್ರತಿಧ್ವನಿಸಿದವು. ‘ಯಾವುದೇ ರೂಪದ’ ಎಂಬಲ್ಲಿ ಗೋಧಿ, ಕರೇ, ಲಾಗರ್ ಮೂರೂ ನನ್ನ ಕಣ್ಣೆದುರು ಸಾಲಾಗಿ ಹಾದುಹೋದವು. ಅತ್ತೆಯ ಕಣ್ಣು ನನ್ನ ಮೇಲೇ ಇತ್ತು. ಪೂರ್ತಿ ಓದಿದೆ.

ಮರಳಿ ಬರುವಾಗ ಸ್ಕೂಟರಿನ ಹಿಂದೆ ಕುಳಿತ ದಾನೇಶ್ವರಿ ನನ್ನ ಶಾಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

“ಪಾಪ, ನಿಮ್ಮ ಬಿಯರ್ ಹೋತು.”

ಸ್ಕೂಟರು ತಾನಾಗಿಯೇ ರಸ್ತೆಯ ಬದಿಗೆ ಬಂದು ನಿಂತಿತು. “ನಿನಗ ಗೊತ್ತಿತ್ತು?”

“ಮೊದಲನೇ ದಿನಾನ. ನಿಮ್ಮ ಏಲಕ್ಕಿ ವಾಸನಿ ಯಾಕಂತ ನನಗ ಗೊತ್ತಿಲ್ಲೇನು? ಹೆಂಡತಿ ತಬೇತ್ತು ಕೆಟ್ಟಾಗ ಒಂದು ಕಪ್ ಬಿಸಿನೀರು ಕಾಸದವ್ರು ಸಿಳ್ಳೆ ಹಾಕ್ಕೋತ ಜೋಳ ಹುರದ್ರ ಗೊತ್ತಾಗಂಗಿಲ್ಲೇನ್ರಿ?”

“ಮತ್ತ ಒಂದು ಮಾತು ಬೈಲಿಲ್ಲ ಯಾಕ?”

“ಬೈದಿದ್ರ ನೀವು ಜೋಳ ನೆನಿ ಹಾಕೋದು ಬಿಡ್ತಿದ್ರಿ,” ಎಂದಳು. “ಗಾಡಿ ಚಾಲೂ ಮಾಡ್ರಿ. ಸಾಯಬಮ್ಮಗ ಸೋಮವಾರದೊಳಗ ನಮ್ಮನಿಯವ್ರು ಹತ್ತು ಕಿಲೋ ಮೊಳಕಿ ಹಿಟ್ಟು ಕೊಡ್ತಾರ ಅಂತ ಹೇಳೀನಿ.”