ಒಲೆಗೊಂದು ಕಾಳು

ಗೊತ್ತಿಲ್ಲ ಎನ್ನುವ ಮಾತು ಬಹಳ ಸಣ್ಣದು. ಆದರೂ ಅದನ್ನು ನಾಲಿಗೆಯ ತುದಿಗೆ ತರಲಾರದೆ ಬಾಳು ಕಳೆದವರಿದ್ದಾರೆ. ಅವರಲ್ಲಿ ನಾನೂ ಒಬ್ಬ. ಗಾಂವಟಿ ಶಾಲೆಯಲ್ಲಿ ಮಗ್ಗಿ ಹದಿನಾರಕ್ಕೆ ಬಂದಾಗ ಅಲ್ಲಿಂದ ಎದ್ದು ಗಾರೆ ಕಲಸಲು ನಿಂತವನು. ಕಸುಬಿನಲ್ಲಿ ನನ್ನ ತಪ್ಪು ಹಿಡಿಯುವವರು ಕಲಬುರಗಿಯಿಂದ ಕಮಲಾಪುರದವರೆಗೆ ಇಲ್ಲ. ಬೇಕಾದರೆ ನಾನು ಕಟ್ಟಿದ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡಿರಿ, ಕೂದಲೆಳೆಯಷ್ಟು ಸೊಟ್ಟ ಕಾಣದು. ನನ್ನ ಮಾತಿಗೆ ಮಾತ್ರ ಆ ಗುಂಡು ಹಿಡಿಯಬೇಡಿರಿ.

ವಿಲಾಯತಿಯಲ್ಲಿ ಹೊಸ ಬಾದಶಹರು ಪಟ್ಟಕ್ಕೆ ಬಂದ ಹೊಸತು. ಕಲಬುರಗಿಯ ಬ್ರಹ್ಮಪುರದಲ್ಲಿ ಒಬ್ಬ ವಕೀಲರ ಮನೆಯ ಮೇಲೆ ಮಾಳಿಗೆ ಏರಿಸುತ್ತಿದ್ದೆ. ವಕೀಲರು ದಿನಾ ಮುಂಜಾನೆ ಕಟ್ಟೆಯ ಮೇಲೆ ಕೂತು, ಮುಂಬಯಿಯಿಂದ ಬಂದ ಇಂಗ್ಲಿಷ್ ಪತ್ರಿಕೆಯನ್ನು ಸ್ನೇಹಿತರಿಗೆ ಕನ್ನಡ ಮಾಡಿ ಹೇಳುತ್ತಿದ್ದರು. ವಿಲಾಯತಿಯ ಮೇಲ್ಮನೆಯ ದುರಸ್ತಿಗಾಗಿ ದೊಡ್ಡ ಚರ್ಚೆ ನಡೆದಿದೆ, ಕೆಳಮನೆಯವರು ರೋಸಿಹೋಗಿದ್ದಾರೆ ಎಂದು ಒಂದು ದಿನ ಓದಿದರು. ಮೇಲೆ ಪರಸಿ ಕಲ್ಲು ಕೂಡಿಸುತ್ತಿದ್ದ ನನ್ನ ಕಿವಿ ನೆಟ್ಟಗಾಯಿತು. ಒಂದು ಮಾಳಿಗೆಯ ದುರಸ್ತಿಗೆ ಇಷ್ಟೊಂದು ಜನ, ಇಷ್ಟೊಂದು ದಿನ ಮಾತಾಡುತ್ತಾರಲ್ಲ, ಆ ದೇಶದಲ್ಲಿ ಗೌಂಡಿಗಳೇ ಇಲ್ಲವೇ ಎಂದು ನನಗೆ ಕನಿಕರ ಬಂತು. ವಕೀಲರು ತಲೆ ಎತ್ತಿ, ಏನಂತೀರಿ ಮೇಸ್ತ್ರಿ ಎಂದು ಚೇಷ್ಟೆಗೆ ಕೇಳಿದರು.

"ಸಾಹೇಬ್ರ, ಮ್ಯಾಲಿನ ಮನಿ ಭಾರಕ್ಕ ಕೆಳಗಿನ ಮನಿ ಗ್ವಾಡಿ ಸೀಳ್ಲಾಕತ್ತಿದ್ರ ಗಿಲಾವ್ ಹಚ್ಚಿ ಉಪಯೋಗಿಲ್ರಿ. ಮ್ಯಾಲಿಂದು ಇಳಿಸಿಬಿಡಬೇಕು."

ವಕೀಲರು ತೊಡೆ ತಟ್ಟಿಕೊಂಡರು. ಪತ್ರಿಕೆಯವರು ಪುಟಗಟ್ಟಲೆ ಬರೆದರೂ ಹೇಳಲಾಗದ್ದನ್ನು ನಮ್ಮ ಮೇಸ್ತ್ರಿ ಒಂದೇ ಮಾತಿನಲ್ಲಿ ಹೇಳಿದರು ಎಂದು ನನ್ನನ್ನು ಕೆಳಗಿಳಿಸಿ, ತಮ್ಮ ಪಕ್ಕದಲ್ಲೇ ಕೂಡಿಸಿ, ಬಸಿಯಲ್ಲಿ ಚಹಾ ಹಾಕಿಸಿದರು. ಚಹಾ ಕುಡಿಯುತ್ತಿದ್ದಂತೆ ಅವರ ಮಾತು ಮುಂದುವರಿಯಿತು. ಮೇಲ್ಮನೆ ಎಂದರೆ ಅಪ್ಪ ಕೂತ ಕುರ್ಚಿಯಲ್ಲಿ ಮಗ ಕೂಡುವ ಸಭೆ, ಅವರನ್ನು ಯಾರೂ ಆರಿಸಿಲ್ಲ. ಕೆಳಮನೆಯವರನ್ನು ಜನ ಆರಿಸುತ್ತಾರೆ, ಇವರು ಮಾಡಿದ ಕಾಯ್ದೆಯನ್ನು ಅವರು ತಡೆಯುತ್ತಾರೆ. ಆರಿಸುವ ಹಕ್ಕು ಮನೆಯ ಯಜಮಾನನಿಗೆ ಮಾತ್ರ. ಎರಡು ಊರಲ್ಲಿ ಮನೆ ಇದ್ದವನಿಗೆ ಎರಡು ಮತ, ಆ ಕಾಯ್ದೆಯೂ ಬದಲಾಗಬೇಕೆಂದು ಜಗಳ. ನಮ್ಮಲ್ಲಿ ಆ ತಾಪತ್ರಯವಿಲ್ಲ. ನಮ್ಮನ್ನಾಳುವ ಹುಜೂರರದು ಒಂದೇ ಮನೆ, ಮೇಲೂ ಅದೇ, ಕೆಳಗೂ ಅದೇ. ನಾನು ಹೇಳಿದ್ದು ಮಾಳಿಗೆಯ ಮಾತು ಎಂದು ಆಗಲೇ ಒಪ್ಪಿಕೊಳ್ಳಬಹುದಿತ್ತು. ಆದರೆ ಬಸಿ ಬರಿದಾಗಿತ್ತು. ಕುಡಿದ ಚಹಾ ಹಿಂದಕ್ಕೆ ಕೊಡಲು ಬರುತ್ತದೆಯೇ?

ವಕೀಲರ ಕಟ್ಟೆಯ ಸುದ್ದಿ ನನಗಿಂತ ಮೊದಲೇ ನಮ್ಮೂರು ಕಮಲಾಪುರ ಮುಟ್ಟಿತ್ತು. ಅಲ್ಲಿ ನಮ್ಮ ಗೌಂಡಿಗಳಿಗೆ ಐವರು ಪಂಚರು. ಯಾವ ಕೆಲಸ ಯಾರಿಗೆ, ಯಾರ ಜಗಳ ಹೇಗೆ ಬಗೆಹರಿಯಬೇಕು, ಎಲ್ಲ ಅವರದೇ ತೀರ್ಮಾನ. ಬೇವಿನ ಮರದ ಕೆಳಗಿನ ಕಲ್ಲಿನ ಕಟ್ಟೆಯ ಮೇಲೆ ಅಪ್ಪ ಕೂತ ಜಾಗದಲ್ಲಿ ಮಗ ಕೂಡುತ್ತ ಬಂದವರು. ಕಸುಬಿನ ಹುಡುಗರಿಗೆ ಅದು ಸಾಕುಸಾಕಾಗಿಹೋಗಿತ್ತು. ಆ ಐವರಲ್ಲಿ ಒಬ್ಬರು ಸಾಬಣ್ಣ ಕಾಕಾ. ನನ್ನ ಕೈಗೆ ಕರಣಿ ಕೊಟ್ಟವರು. ನಾನು ಸೊಟ್ಟ ಕಟ್ಟಿದ ಗೋಡೆಯನ್ನು ಬೈಯದೆ ಕೆಡವಿ, ಪಕ್ಕದಲ್ಲಿ ನಿಲ್ಲಿಸಿಕೊಂಡು ಮತ್ತೆ ಕಟ್ಟಿ ತೋರಿಸಿದವರು.

ವಿಲಾಯತಿಯಲ್ಲಿ ಆರಿಸುವುದು ಹೇಗೆ ಎಂದು ಹುಡುಗರು ನನ್ನನ್ನು ಕೇಳಿದರು. ಆ ಸಣ್ಣ ಮಾತು ಮತ್ತೆ ಗಂಟಲಲ್ಲೇ ಉಳಿಯಿತು. ಒಂದು ಗಡಿಗೆ ಇಡಿರಿ ಎಂದೆ; ಹಳಬರೇ ಇರಲಿ ಎನ್ನುವವರು ಜೋಳದ ಕಾಳು ಹಾಕಲಿ, ಆರಿಸೋಣ ಎನ್ನುವವರು ತೊಗರಿ ಕಾಳು. ಮನೆಗೊಂದು ಕಾಳು ಎನ್ನೋಣವೆಂದರೆ ನಮ್ಮಲ್ಲಿ ಒಂದು ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು. ಹಾಗಾಗಿ ಗಂಭೀರವಾಗಿ, "ಒಲಿಗೊಂದ್ ಕಾಳು. ವಿಲಾಯತ್ಯಾಗ ಹಿಂಗೇ ಅದ," ಎಂದುಬಿಟ್ಟೆ.

ಒಂದು ವಾರದಲ್ಲಿ ಕಮಲಾಪುರದ ಗೌಂಡಿಗಳ ಓಣಿಯಲ್ಲಿ ಎದ್ದಷ್ಟು ಹೊಗೆ ಹಿಂದೆಂದೂ ಎದ್ದಿರಲಿಲ್ಲ. ಪಡಸಾಲೆಯಲ್ಲೊಂದು ಒಲೆ, ದನದ ಕೊಟ್ಟಿಗೆಯಲ್ಲೊಂದು ಒಲೆ. ಎಂದೂ ಜಗಳವಾಡದ ಅಣ್ಣತಮ್ಮಂದಿರು ಬೇರೆಯಾದರು. ಅತ್ತೆಯರು ಕೇಳದೆಯೇ ಸೊಸೆಯರಿಗೆ ತವೆ ಕೊಟ್ಟರು. ಒಬ್ಬಾತ ಹೊಲದಲ್ಲಿ ಮೂರು ಕಲ್ಲಿಟ್ಟು ಒಂದು ರೊಟ್ಟಿ ಸುಟ್ಟುಕೊಂಡು ಬಂದು, ಅದನ್ನೇ ಸಾಕ್ಷಿಯಾಗಿ ತೋರಿಸಿ ಎರಡನೆಯ ಕಾಳು ಕೇಳಿದ. ಅವನನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ. ಬ್ರಹ್ಮಪುರದ ನನ್ನ ಬಿಡಾರದ ಒಲೆಯನ್ನು ನಾನೂ ಲೆಕ್ಕಕ್ಕೆ ಹಿಡಿಸಿದ್ದೆ.

ಗಡಿಗೆ ಇಟ್ಟ ದಿನ ಸಾಬಣ್ಣ ಕಾಕಾ ಮುಷ್ಟಿ ಹಿಡಿದು ಬಂದರು. ಹೆಂಡತಿ ತೀರಿಕೊಂಡಂದಿನಿಂದ ಅವರ ಊಟ ಮಗಳ ಮನೆಯಲ್ಲಿ. ಆ ಒಲೆಯ ಕಾಳನ್ನು ಅಳಿಯ ಆಗಲೇ ಹಾಕಿ ಹೋಗಿದ್ದ. ಹುಡುಗನೊಬ್ಬ ಗಡಿಗೆಯ ಬಾಯಿಗೆ ಅಂಗೈ ಅಡ್ಡ ಹಿಡಿದು, ನಿಮಗೆ ಒಲೆ ಇಲ್ಲ ಕಾಕಾ ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಕಾಕಾನೂ ನೋಡಿದರು.

"ಖರೇ ಏನೋ ತಮ್ಮಾ? ಈ ಓಣ್ಯಾಗ ಯಾವ ಒಲಿ ಹೊಗಿ ನಾ ಇಟ್ಟ ಬೆಳಕಿಂಡಿ ಬಿಟ್ಟು ಹೋಗ್ತದ? ನನಗ ಒಲಿ ಇಲ್ಲೇನು?"

ಈ ಕಾಯ್ದೆ ವಿಲಾಯತಿಯದಲ್ಲ, ನನ್ನ ಬಾಯಿಗೆ ಬಂದದ್ದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಮುಷ್ಟಿಯಲ್ಲಿ ಎರಡು ಕಾಳು ಬೆವರುತ್ತಿದ್ದವು.

"ಕಾಯ್ದೆ ಹಂಗದ ಕಾಕಾ," ಎಂದೆ.

ಕಾಕಾ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿದ್ದದ್ದು ತೊಗರಿ ಕಾಳು. "ನೀ ಹೇಳಿದ್ಮ್ಯಾಲ ಸರೀನೇ ಇರ್ತದಂತ ಇದನ್ನೇ ತಂದಿದ್ದೆ," ಎಂದು ಅದನ್ನು ನನ್ನ ಕೈಗೆ ಹಾಕಿ, ಮಗಳ ಮನೆಯ ಕಡೆ ನಡೆದರು.

ತೊಗರಿ ಗೆದ್ದಿತು. ಅದೇ ಗಡಿಗೆಯಿಂದ ಆರಿಸಿ ಬಂದ ಹೊಸ ಪಂಚರಲ್ಲಿ ನಾನೂ ಒಬ್ಬನಾದೆ, ಕಟ್ಟೆಯ ಮೇಲೆ ಕಾಕಾ ಕೂಡುತ್ತಿದ್ದ ಜಾಗವೇ ನನಗೆ ಬಂತು. ಒಮ್ಮೆ ಎಲ್ಲ ಹೇಳಿಬಿಡಬೇಕೆಂದು ಕಲಬುರಗಿಯಿಂದ ಬಂಡಿಯಲ್ಲಿ ಮಾತು ಕಟ್ಟಿಕೊಳ್ಳುತ್ತ ಕಾಕಾನ ಹತ್ತಿರ ಹೋದೆ. ಕಾಕಾ ಎದ್ದು ನಿಂತು ಕಂಬಳಿ ಹಾಸಿ, ಬರ್ರಿ ಪಂಚರ, ಕೂಡ್ರಿ ಎಂದರು. ಅಷ್ಟು ಮರ್ಯಾದೆಯ ಮೇಲೆ ಕೂತು ಅಂಥ ಮಾತು ಹೇಗೆ ಹೇಳುವುದು? ಕೊಟ್ಟ ಕೆಂಪು ಬಾಳೆಹಣ್ಣು ತಿಂದು ಎದ್ದು ಬಂದೆ. ಸಾಯುವವರೆಗೂ ಅವರು ಮತ್ತೆ ನನ್ನನ್ನು ತಮ್ಮಾ ಎನ್ನಲಿಲ್ಲ.

ಆಮೇಲೆ ಮತ್ತೊಮ್ಮೆ ಆರಿಸುವ ಮಾತನ್ನು ಯಾರೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ. ಆ ಗಡಿಗೆ ಯಾರದೋ ಮನೆಯಲ್ಲಿ ಮಜ್ಜಿಗೆ ತುಂಬಿಕೊಂಡಿತು. ನಾನು ಕೂತಲ್ಲೇ ಇದ್ದೇನೆ. ಈಚೆಗೆ ಹೊಸ ಹುಡುಗರು ಬೇವಿನ ಮರದ ಆಚೆ ಗುಂಪುಗೂಡುತ್ತಾರೆ. ನಾನು ಹೋದರೆ ಮಾತು ನಿಲ್ಲುತ್ತದೆ. ಯಾವ ಮನೆಯ ದುರಸ್ತಿ ಎಂದು ಈ ಸಲ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಡಿಗೆಮನೆ ಸೊಸೆಯ ಕೈಗೆ ಹೋಗಿ ಬಹಳ ದಿನವಾಯಿತು, ನಮ್ಮ ಊಟ ಅವಳ ಒಲೆಯದು. ಅದಕ್ಕೇ ಮೊನ್ನೆ ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಆರಿಸಿ, ಮಟ್ಟ ನೋಡಿ, ಚೊಕ್ಕವಾಗಿ ಕೂಡಿಸಿದೆ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಬೆಂಕಿ ಇಲ್ಲ, ಬೂದಿ ಇಲ್ಲ. ಇದೆಂಥಾ ಒಲೀರಿ?"

"ನಿನಗ ತಿಳಿಯಂಗಿಲ್ಲ ಬಿಡು," ಎಂದೆ. "ವಿಲಾಯತ್ಯಾಗ ಹಿಂಗೇ ಇರ್ತದ."