ಐದನೇ ನಂಬರಿನ ಇಬ್ಬರು

ನಾನು ಕೆಲಸಕ್ಕೆ ಹೋದ ಮೇಲೆ ಪುಟ್ಟಿ ಸರಿಯಾಗಿ ಉಸಿರಾಡುತ್ತಾಳೋ ಇಲ್ಲವೋ ಎಂಬ ಚಿಂತೆ ಮೂರು ವಾರದಿಂದ ನನ್ನನ್ನು ಕೊರೆಯುತ್ತಿತ್ತು. ಹುಟ್ಟಿದ ಈ ಹತ್ತು ತಿಂಗಳಲ್ಲಿ ಅವಳು ಒಂದು ದಿನವೂ ತಪ್ಪಿಸದೆ ಉಸಿರಾಡಿಕೊಂಡೇ ಬಂದಿದ್ದಾಳೆ, ಒಪ್ಪುತ್ತೇನೆ. ಆದರೆ ಆ ಹತ್ತು ತಿಂಗಳೂ ನಾನು ಪಕ್ಕದಲ್ಲಿದ್ದೆ. ನಾನು ನೋಡುತ್ತಿದ್ದೆನೆಂದೇ ಅವಳು ಉಸಿರಾಡುತ್ತಿದ್ದಳು ಎಂಬುದು ನನ್ನ ವಾದವಲ್ಲ. (ಅನುಮಾನ, ಅಷ್ಟೆ.)

ಸೋಮವಾರಕ್ಕೆ ನನ್ನ ರಜೆ ಮುಗಿಯುತ್ತಿತ್ತು. ನಾನಿರುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬಾಗಿಲ ಬಳಿ ಕೂತು, ಬಂದವರಿಗೆ ಟೋಕನ್ ಕೊಟ್ಟು, ಸರದಿ ಪ್ರಕಾರ ಒಳಗೆ ಬಿಡುವುದು ನನ್ನ ಕೆಲಸ. ಸೋಮವಾರವೂ ಬರದಿದ್ದರೆ ಆ ಕುರ್ಚಿಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಡಾಕ್ಟರು ತಿಳಿಸಿದ್ದರು. ಹಲ್ಲು ಕೀಳುವ ಮೊದಲು ರೋಗಿಯ ಹತ್ತಿರ ಮಾತಾಡುತ್ತಾರಲ್ಲ, ಅಷ್ಟೇ ಮೃದುವಾಗಿ. ಪುಟ್ಟಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಅತ್ತೆ ಇದ್ದರು. ಅತ್ತೆಯನ್ನು ನೋಡಿಕೊಳ್ಳಲು ನಾನೊಂದು ಕ್ಯಾಮೆರಾ ತರಿಸಿದೆ.

(ಈ ಕೊನೆಯ ಮಾತನ್ನು ಮನೆಯಲ್ಲಿ ಯಾರೆದುರೂ ಆಡಿಲ್ಲ. ಆಡಿದ್ದು, “ದಿನವಿಡೀ ಪುಟ್ಟಿ ಮುಖ ನೋಡ್ದೆ ನಂಗೆ ಇರೋಕಾಗಲ್ಲ” ಎಂದು.)

ತೊಟ್ಟಿಲ ಎದುರಿನ ಗೋಡೆಗೆ ಕ್ಯಾಮೆರಾ ಕೂತಿತು. ಪುಟ್ಟಿ ಕಾಲು ಆಡಿಸಿದರೆ ಅಡುಗೆಮನೆಯಲ್ಲಿದ್ದ ನನ್ನ ಫೋನಿನಲ್ಲಿ ಕಾಲು ಆಡುತ್ತಿತ್ತು. ನಾಲ್ಕು ದಿನ ಲೋಕವೇ ಸುಂದರವಾಗಿತ್ತು. ಐದನೆಯ ಸಂಜೆ ನಮ್ಮ ಯಜಮಾನರ ಲ್ಯಾಪ್‌ಟಾಪಿನ ಮೂಲೆಯಲ್ಲಿ ಪುಟ್ಟದೊಂದು ಚೌಕ ತಲೆಯೆತ್ತಿತು: ಇದೇ ಐಪಿ ವಿಳಾಸವನ್ನು ಇನ್ನೊಂದು ಸಾಧನ ಬಳಸುತ್ತಿದೆ.

“ಏನ್ರೀ ಅದು?”

“ಏನಿಲ್ಲ ಬಿಡು. ಮನೇಲಿ ವೈಫೈ ಹಿಡಿಯೋ ಪ್ರತಿಯೊಂದಕ್ಕೂ ಒಂದು ನಂಬರ್ ಇರತ್ತೆ. ಅಪರೂಪಕ್ಕೆ ಎರಡಕ್ಕೆ ಒಂದೇ ನಂಬರ್ ಬಂದ್ಬಿಟ್ರೆ ಒಂದು ಕೈಕೊಡತ್ತೆ.”

“ಯಾವುದು ಕೈಕೊಡತ್ತೆ?”

“ಅದನ್ನ ಹೇಗೇ ಹೇಳ್ಲಿ? ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗತ್ತೆ.”

ಅವರು ಆಫ್ ಮಾಡಿ ಆನ್ ಮಾಡಿ ಮರೆತೇಬಿಟ್ಟರು. ನನ್ನ ತಲೆಗೆ ಆಫ್ ಮಾಡುವ ಗುಂಡಿ ಇಲ್ಲ. ಹನ್ನೊಂದನೇ ಟೋಕನ್ನಿನವರು ದವಡೆ ಹಿಡಿದು ನನ್ನ ಮುಂದೆ ನಿಂತಿದ್ದಾರೆ, ಫೋನಿನಲ್ಲಿ ಪುಟ್ಟಿ ಇದ್ದ ಜಾಗ ಕಪ್ಪಾಗಿದೆ, ಆಫ್ ಮಾಡಿ ಆನ್ ಮಾಡಲು ನಾನೆಲ್ಲೋ ಕ್ಯಾಮೆರಾ ಎಲ್ಲೋ. ಈ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ನನಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಪರಿಹಾರ ಹೊಳೆಯಿತು. ನಂಬರು ಕೊಡುವುದರಲ್ಲಿ ನನಗಿಂತ ಪಳಗಿದ ಕೈ ಈ ಮನೆಯಲ್ಲಿ ಬೇರೆ ಯಾವುದಿದೆ? ಆರು ವರ್ಷ ಟೋಕನ್ ಹಂಚಿದವಳು ನಾನು. ಹೊಸ ನೋಟುಬುಕ್ಕು ತೆಗೆದು, ಗೆರೆ ಎಳೆದು, ಸಕಲ ಯಂತ್ರಗಳಿಗೂ ಶಾಶ್ವತ ಸಂಖ್ಯಾಪ್ರದಾನ ಮಾಡಲು ಕೂತೆ. ವೈಫೈ ರೌಟರು ಆಗಲೇ ಒಂದನೇ ನಂಬರು ಹಿಡಿದು ಕೂತಿತ್ತು, ಇರಲಿ. ಉಳಿದದ್ದು ಹಿರಿತನದ ಪ್ರಕಾರ. ಅತ್ತೆ ನೋಡುವ ಟೀವಿಗೆ ಎರಡು. ಯಜಮಾನರ ಪ್ರಿಂಟರಿಗೆ ಮೂರು. ನನ್ನ ಟ್ಯಾಬಿಗೆ ನಾಲ್ಕು. ಮನೆಯ ಕಿರಿಯಳು ಪುಟ್ಟಿ, ಅವಳ ಕ್ಯಾಮೆರಾಕ್ಕೆ ಐದು. ಒಂದೊಂದರ ಸೆಟ್ಟಿಂಗಿಗೂ ಹೋಗಿ ಕೈಯಾರೆ ನಂಬರು ಬರೆದು ಬಂದೆ. ನಮ್ಮಿಬ್ಬರ ಫೋನು, ಲ್ಯಾಪ್‌ಟಾಪು ನಮ್ಮ ಜೊತೆ ಹೊರಗೆ ಹೋಗುವಂಥವು, ಅವನ್ನು ಬಿಟ್ಟರೆ ಉಳಿದದ್ದು ಒಂದೇ.

“ಅತ್ತೆ, ನಿಮ್ಮ ಫೋನ್ ಒಂಚೂರು ಕೊಡ್ತೀರಾ? ನಂಬರ್ ಹಾಕ್ಬೇಕು.”

“ನನ್ ಫೋನಿಗೆ ನಂಬರ್ ಇದೆಯಲ್ಲಮ್ಮ. ಹತ್ತು ವರ್ಷದಿಂದ ಅದೇ.”

“ಅದಲ್ಲ ಅತ್ತೆ, ಇದು ಬೇರೆ.”

“ಬೇರೆದು ನಂಗೆ ಬೇಡ. ಇರೋದಕ್ಕೇ ಯಾರೂ ಫೋನ್ ಮಾಡಲ್ಲ.”

ಅತ್ತೆಯ ಫೋನು ನೋಟುಬುಕ್ಕಿನ ಹೊರಗೇ ಉಳಿಯಿತು. ಒಂದು ಫೋನಿನಿಂದ ಏನಾದೀತು ಎಂದು ನಾನೂ ಬಿಟ್ಟೆ.

ಅಂದಿನಿಂದಲೇ ಕ್ಯಾಮೆರಾ ಕೈಕೊಡತೊಡಗಿತು. ಕೆಲಸಕ್ಕೆ ಹೋಗುವ ಅಭ್ಯಾಸವಾಗಲಿ ಎಂದು ನಾನು ದಿನವೂ ಸೀರೆ ಉಟ್ಟು, ಬ್ಯಾಗು ಹಾಕಿಕೊಂಡು, ಪುಟ್ಟಿಗೆ ಟಾಟಾ ಮಾಡಿ, ಮೂರು ಮಹಡಿ ಇಳಿದು ಕೆಳಗಿನ ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕೂತು ಬರುತ್ತಿದ್ದೆ. (ಎದುರು ಮನೆಯವರು, “ಬಸ್ಸು ಇಲ್ಲಿಗೆ ಬರಲ್ಲಮ್ಮ” ಎಂದು ಎರಡು ಸಲ ಹೇಳಿದರು.) ಬೆಂಚಿನ ಮೇಲೆ ಕೂತು ಫೋನು ತೆರೆದರೆ ಚಿತ್ರ ಬಂದು, ನಡುಗಿ, ಮಾಯ. ಓಡಿ ಮೇಲೆ ಹೋದರೆ ಪುಟ್ಟಿ ಅಜ್ಜಿಯ ತೊಡೆಯ ಮೇಲೆ ಗಿಲಕಿ ಕಚ್ಚುತ್ತಿರುತ್ತಿದ್ದಳು. ಅತ್ತೆ ವಾಕಿಂಗಿಗೆಂದು ಫೋನು ಹಿಡಿದು ಹೊರಟರೋ, ಹತ್ತೇ ನಿಮಿಷದಲ್ಲಿ ಚಿತ್ರ ಕನ್ನಡಿಯ ಹಾಗೆ ನಿಚ್ಚಳ.

ನಾನು ನೋಟುಬುಕ್ಕನ್ನು ಹಿಂದಿನಿಂದ ತಿರುಗಿಸಿ ಸಾಕ್ಷ್ಯ ಬರೆಯತೊಡಗಿದೆ. ‘7.10: ಅತ್ತೆ ಹೊರಗೆ. 7.20: ಚಿತ್ರ ಉಂಟು. 7.55: ಅತ್ತೆ ಒಳಗೆ. 7.56: ಚಿತ್ರ ಇಲ್ಲ.’ ಮೂರು ದಿನ, ಹದಿನಾಲ್ಕು ಸಾಲು, ಒಂದೂ ತಪ್ಪಿಲ್ಲ. ಗುರುವಾರ ಸಂಜೆ ಅತ್ತೆ ಪುಟ್ಟಿಯ ಬಟ್ಟೆ ಮಡಿಸುತ್ತಿದ್ದಾಗ ನಾನು ಆದಷ್ಟು ನಯವಾಗಿ ಶುರು ಮಾಡಿದೆ.

“ಅತ್ತೆ, ಆ ಕ್ಯಾಮೆರಾ ನಿಮಗೇನಾದ್ರೂ ಮುಜುಗರ ಆಗ್ತಿದೆಯಾ?”

“ನಂಗ್ಯಾಕಮ್ಮ ಮುಜುಗರ?”

“ಅಲ್ಲ, ಮುಜುಗರ ಆದ್ರೆ ನೇರ ಹೇಳ್ಬಿಡಿ. ಆಫ್ ಮಾಡೋದು ಬೇಡ.”

ಅತ್ತೆಯ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು. “ನಾನು ಆಫ್ ಮಾಡ್ತೀನಿ ಅಂತೀಯಾ?”

“ನಾನು ಹಾಗಂತಿಲ್ಲ. ಟೈಮ್ ಹಾಗನ್ನತ್ತೆ.” ನೋಟುಬುಕ್ಕು ಮುಂದಿಟ್ಟೆ. (ಇಡಬಾರದಿತ್ತು. ಈಗ ಗೊತ್ತು.)

ಅತ್ತೆ ಕನ್ನಡಕ ಹಾಕಿಕೊಂಡು ಹದಿನಾಲ್ಕೂ ಸಾಲು ಓದಿದರು. “ಮೂರು ಮಕ್ಕಳನ್ನ ಬೆಳೆಸಿದೀನಿ ಕಣಮ್ಮ. ನಾನು ಎಷ್ಟೊತ್ತಿಗೆ ಮನೆಗೆ ಬಂದೆ ಅಂತ ನಮ್ಮತ್ತೆ ಕೂಡ ಬರೆದಿಟ್ಟಿರ್ಲಿಲ್ಲ,” ಎಂದರು. ಜೋರಾಗಿ ಹೇಳಿದ್ದರೆ ನಾನೂ ಜೋರಾಗಬಹುದಿತ್ತು. ಮೆಲ್ಲಗೆ ಹೇಳಿ, ಅಂಗಿಯನ್ನು ಪೂರ್ತಿ ಮಡಿಸಿಟ್ಟು, ತಮ್ಮ ಚೀಲ ತುಂಬಿಕೊಂಡು, ಊರಿನ ಆ ತುದಿಯಲ್ಲಿರುವ ಮಗಳ ಮನೆಗೆ ಹೊರಟೇಬಿಟ್ಟರು. ಬಿಟ್ಟುಬರಲು ಹೋದ ಯಜಮಾನರು ನನ್ನ ಕಡೆ ನೋಡಲಿಲ್ಲ.

ಅತ್ತೆ ಹೋದ ಹತ್ತು ನಿಮಿಷಕ್ಕೆ ಕ್ಯಾಮೆರಾ ಬಂತು. ಹೋಗಲಿಲ್ಲ. ರಾತ್ರಿ ಕಳೆದರೂ ಹೋಗಲಿಲ್ಲ. ಶುಕ್ರವಾರ ಸಂಜೆಯಿಡೀ ನಾನು ತೊಟ್ಟಿಲ ಪಕ್ಕ ನಿಂತು ಯಜಮಾನರಿಗೆ ವಿಜಯಭಾಷಣ ಮಾಡಿದೆ.

“ನೋಡಿದ್ರಾ? ಈಗ ಹೇಗಿದೆ ಚಿತ್ರ? ನಿಮ್ಮಮ್ಮ ಬಾಯಲ್ಲಿ ಬೆಣ್ಣೆ, ಕೈ ಮಾತ್ರ ಸ್ವಿಚ್ಚಿನ ಮೇಲೆ. ನಾನು ಸುಮ್ಮಸುಮ್ಮನೆ ಅನುಮಾನ ಪಡೋಳಾ?”

“ಚಿತ್ರ ಚೆನ್ನಾಗಿದೆ,” ಎಂದರು ಅವರು. “ಸೋಮವಾರ ಮಗೂನ ಯಾರು ಎತ್ಕೊಳ್ತಾರೆ? ಕ್ಯಾಮೆರಾನಾ?”

ಈ ಒಂದು ಅಂಶ ನನ್ನ ನೋಟುಬುಕ್ಕಿನಲ್ಲಿರಲಿಲ್ಲ. ಯಜಮಾನರಿಗೆ ಒಂದು ದಿನವೂ ರಜೆ ಉಳಿದಿಲ್ಲ. ಶಿಶುವಿಹಾರದವರು ವರ್ಷ ತುಂಬದೆ ಸೇರಿಸಿಕೊಳ್ಳುವುದಿಲ್ಲ. ಪುಟ್ಟಿಯನ್ನು ಅತ್ಯುತ್ತಮ ಸ್ಪಷ್ಟತೆಯಲ್ಲಿ ನೋಡುವ ಸಕಲ ವ್ಯವಸ್ಥೆಯೂ ಈಗ ನನ್ನ ಬಳಿಯಿತ್ತು; ಅವಳು ಅತ್ತರೆ ಎತ್ತಿಕೊಳ್ಳುವ ಎರಡು ಕೈ ಇರಲಿಲ್ಲ.

ಶನಿವಾರ ಸಂಜೆ ಯಜಮಾನರು ಇಂಟರ್ನೆಟ್ಟಿನ ರಿಪೇರಿಯವರನ್ನು ಕರೆತಂದರು. ನಿಧಾನದ ಮನುಷ್ಯ. ಬಂದವರು ಕ್ಯಾಮೆರಾ ಮುಟ್ಟಲೇ ಇಲ್ಲ. ರೌಟರಿನ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದರು.

“ಕ್ಯಾಮೆರಾಕ್ಕೆ ಐದು ಅಂತ ಕೊಟ್ಟಿದ್ದು ಯಾರು?”

“ನಾನೇ,” ಎಂದೆ ಹೆಮ್ಮೆಯಿಂದ. “ಜಗಳ ಆಗ್ಬಾರ್ದು ಅಂತ.”

“ರೌಟರಿಗೆ ಹೇಳಿದ್ರಾ?”

“ರೌಟರಿಗೆ ಯಾಕೆ ಹೇಳ್ಬೇಕು?”

“ಹಂಚೋ ಕೆಲಸ ಅದರದ್ದಲ್ವಾ ಮೇಡಂ. ಎರಡರಿಂದ ನೂರರವರೆಗೆ ಅದು ತಾನೇ ಎಲ್ರಿಗೂ ಕೊಡ್ತಾ ಇರತ್ತೆ. ಇಲ್ನೋಡಿ, ಐದನೇದನ್ನ ಅದು ಒಂದು ಫೋನಿಗೆ ಕೊಟ್ಟಿದೆ. ಆ ಫೋನ್ ಮನೆಗೆ ಬಂದಾಗೆಲ್ಲ ಅದೇ ನಂಬರ್ ಕೊಡತ್ತೆ. ನೀವೂ ಅದನ್ನೇ ಕ್ಯಾಮೆರಾಕ್ಕೆ ಕೊಟ್ಟಿದೀರಿ. ಫೋನ್ ಒಳಗೆ ಬಂದ್ರೆ ಕ್ಯಾಮೆರಾ ಹೋಗತ್ತೆ. ಈ ಫೋನ್ ಯಾರದ್ದು?”

ಯಜಮಾನರು ಚಾವಣಿ ನೋಡಿದರು. ಯಾರದ್ದು ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಹೋದ ವರ್ಷ ಕ್ಲಿನಿಕ್ಕಿನಲ್ಲಿ ನಾನು ಬಾಗಿಲಲ್ಲಿ ಟೋಕನ್ ಕೊಡುತ್ತಿದ್ದಾಗ ಡಾಕ್ಟರು ಒಳಗಿನಿಂದ ಫೋನಿನಲ್ಲಿ ತಮ್ಮ ಪರಿಚಯದವರಿಗೆ ಅದೇ ನಂಬರುಗಳನ್ನು ಕೊಟ್ಟಿದ್ದರಿಂದ ಏಳನೇ ಟೋಕನ್ನಿನ ಇಬ್ಬರು ಒಂದೇ ಕುರ್ಚಿಗೆ ಬಂದು ನಿಂತಿದ್ದರು. ಅವತ್ತು ಡಾಕ್ಟರಿಗೆ ನಾನು ಕೊಟ್ಟ ಉಪನ್ಯಾಸ ಕಾಂಪೌಂಡರಿಗೆ ಇಂದಿಗೂ ಬಾಯಿಪಾಠ. ಅದೇ ನಾನು ಮನೆಗೆ ಬಂದು, ರೌಟರಿನ ಬೆನ್ನ ಹಿಂದೆ ಇನ್ನೊಂದು ಟೋಕನ್ ಅಂಗಡಿ ತೆರೆದಿದ್ದೆ.

“ಹಂಚೋರು ಒಬ್ರೇ ಇರ್ಬೇಕು,” ಎಂದರು ರಿಪೇರಿಯವರು. “ಕೈಯಾರೆ ಕೊಡ್ಲೇಬೇಕು ಅಂದ್ರೆ ರೌಟರ್ ಮುಟ್ಟದೇ ಇರೋ ನಂಬರ್ ಕೊಡಿ, ಇನ್ನೂರರ ಮೇಲೆ.” ಟೀವಿ, ಪ್ರಿಂಟರು, ಟ್ಯಾಬು, ಕ್ಯಾಮೆರಾ ನಾಲ್ಕನ್ನೂ ಇನ್ನೂರರ ಆಚೆಗೆ ಸಾಗಿಸಿ ಹೊರಟರು. ಹತ್ತು ನಿಮಿಷದ ಕೆಲಸ.

ನನ್ನ ಕೆಲಸ ಮಾತ್ರ ಭಾನುವಾರ ಮಧ್ಯಾಹ್ನವಾದರೂ ಆಗಲಿಲ್ಲ. ನಾಲ್ಕು ಸಲ ಅತ್ತೆಯ ನಂಬರು ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದೆ. “ನೀವೇ ಮಾಡ್ರೀ, ನಿಮ್ಮಮ್ಮ ತಾನೆ,” ಎಂದೆ. “ಬರೆದಿದ್ದು ನೀನು, ಓದಿದ್ದು ಅವರು. ಮಧ್ಯೆ ನಾನ್ಯಾರು?” ಎಂದು ಅವರು ಪೇಪರು ಅಡ್ಡ ಹಿಡಿದರು. ಕೊನೆಗೆ ಮಲಗಿದ್ದ ಪುಟ್ಟಿಯ ತೊಟ್ಟಿಲ ಮುಂದೆ ನಿಂತು, ಉಸಿರು ಬಿಗಿಹಿಡಿದು, ಐದನೇ ಸಲ ಒತ್ತಿದೆ. ಒಂದೇ ರಿಂಗಿಗೆ ಎತ್ತಿದರು.

“ಅತ್ತೆ, ತಪ್ಪು ನಂದೇ,” ಎಂದು ಶುರುಮಾಡಿ ರೌಟರು, ಟೋಕನ್ನು, ಎರಡರಿಂದ ನೂರು, ಇನ್ನೂರರ ಮೇಲೆ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. “ನೀವೇನೂ ಮುಟ್ಟಿರ್ಲಿಲ್ಲ. ನಿಮ್ಮ ನಂಬರನ್ನ ನಾನೇ ತಗೊಂಡು ಕ್ಯಾಮೆರಾಕ್ಕೆ ಕೊಟ್ಟು, ನಿಮ್ಮನ್ನೇ ಅಂದ್ಬಿಟ್ಟೆ. ಕ್ಷಮಿಸ್ಬಿಡಿ ಅತ್ತೆ. ನಾಳೆಗೋಸ್ಕರ ಕೇಳ್ತಿಲ್ಲ.” ಸ್ವಲ್ಪ ತಡೆದು, “ನಾಳೆಗೋಸ್ಕರಾನೂ ಕೇಳ್ತಿದೀನಿ,” ಎಂದೆ.

ಅಷ್ಟು ಹೇಳಿ ತೊಟ್ಟಿಲ ಮೇಲೆ ಬಗ್ಗಿ ಪುಟ್ಟಿಯ ಹೊದಿಕೆ ಸರಿಮಾಡತೊಡಗಿದೆ.

“ಎಂಟು ಗಂಟೆಗೆ ಬರ್ತೀನಿ,” ಎಂದರು ಅತ್ತೆ. “ಈಗ ನೀನು ಒಂಚೂರು ಎಡಕ್ಕೆ ಸರಿ. ಮಗು ಕಾಣ್ತಿಲ್ಲ.”

ನಾನು ನಿಧಾನವಾಗಿ ಗೋಡೆಯ ಕಡೆ ತಿರುಗಿದೆ. ಕ್ಯಾಮೆರಾದ ಹಸಿರು ದೀಪ ಪ್ರಶಾಂತವಾಗಿ ಉರಿಯುತ್ತಿತ್ತು.

“ಅತ್ತೆ, ನೀವು...”

“ನಿನ್ ಗಂಡಾನೇ ನನ್ನ ಇಲ್ಲಿ ಬಿಟ್ಟುಹೋಗೋವಾಗ ಆ ಕ್ಯಾಮೆರಾನ ನನ್ ಫೋನಿಗೆ ಹಾಕ್ಕೊಟ್ಟ, ಮಗೂನ ಬಿಟ್ಟಿರೋಕೆ ಆಗಲ್ಲ ಅಂತ ನಾನು ಅತ್ತಿದ್ದಕ್ಕೆ. ಗುರುವಾರದಿಂದ ನೋಡ್ತಾನೇ ಇದೀನಿ. ಮಗು ಚೆನ್ನಾಗಿ ಉಸಿರಾಡ್ತಿದೆ. ನೀನೇ ಗಂಟೆಗೊಂದ್ಸಲ ಅಲ್ಲಾಡ್ಸಿ ಎಬ್ಬಿಸ್ತಿದೀಯಾ.”

“ಬರೀ ಚಿತ್ರಾನಾ ಅತ್ತೆ,” ಎಂದೆ, “ಮಾತೂ ಕೇಳ್ಸತ್ತಾ?”

“ಚೆನ್ನಾಗಿ ಕೇಳ್ಸತ್ತೆ. ಶುಕ್ರವಾರದ್ದಂತೂ ಪೂರ್ತಿ ಕೇಳ್ಸ್ತು.”

ನಾನು ಎಡಕ್ಕೆ ಸರಿದೆ.

“ಇನ್ನೊಂಚೂರು,” ಎಂದರು ಅತ್ತೆ.